ನಿಂತ ಗಾಡಿಗೂ ಆರೈಕೆ ಬೇಕು



ಗಂಗಾವತಿ-ಕಾರಟಗಿ ನಡುವಿನ ಸಿದ್ದಾಪುರದಿಂದ ತಾಯಿಯೊಬ್ಬರು 2025ರ ಡಿಸೆಂಬರಿನಲ್ಲಿ ಈ ಅಂಕಣಕ್ಕೆ ಬರೆದ ಪತ್ರ ನನ್ನ ಮುಂದಿದೆ. ಅವರ ಹಿರಿಯ ಮಗ ಅಮೆರಿಕೆಯ ಮಿಚಿಗನ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಇಬ್ಬರಷ್ಟೇ ಕುಳಿತುಕೊಳ್ಳಬಹುದಾದ, ನೆಲಕ್ಕೆ ತೀರ ಹತ್ತಿರವಿರುವ ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ಆತ ಕೊಂಡಿದ್ದಾನೆ. ಪ್ರತಿವರ್ಷ ನವೆಂಬರ್ ಬಂತೆಂದರೆ ಒಂದು ಇಡೀ ಭಾನುವಾರ ಅದನ್ನು ತೊಳೆದು ಒರೆಸಿ, ಎಂಜಿನ್ ಆಯಿಲ್ ಬದಲಿಸಿ, ಬ್ಯಾಟರಿಗೆ ಚಿಕ್ಕದೊಂದು ಚಾರ್ಜರ್ ಸಿಕ್ಕಿಸಿ, ಮೈತುಂಬ ಬಟ್ಟೆ ಹೊದಿಸಿಬಿಡುತ್ತಾನಂತೆ. ಏಪ್ರಿಲ್‌ವರೆಗೆ ಅದನ್ನು ಹೊರಗೆ ತೆಗೆಯುವುದೇ ಇಲ್ಲವಂತೆ. “ಓಡುವ ಗಾಡಿಯನ್ನು ಐದು ತಿಂಗಳು ಮಲಗಿಸುವುದಕ್ಕೆ ಇಷ್ಟು ಉಪಚಾರವೇಕೆ?” ಎಂಬುದು ಆ ತಾಯಿಯ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಹತ್ತಿರದ್ದು. ಎರಡನೇ ಬೆಳೆಗೆ ನೀರಿಲ್ಲದ ಕಾರಣ ಅವರ ಅಂಗಳದಲ್ಲಿಯೂ ಟ್ರಾಕ್ಟರ್ ನಿಂತಿದೆ. ಅದರ ಸಾಲದ ಕಂತು ಮಾತ್ರ ನಿಂತಿಲ್ಲ. ಯಜಮಾನರು ಮಾರಿಬಿಡೋಣವೆನ್ನುತ್ತಾರೆ, ಕಿರಿಯ ಮಗ ಬೇಡವೆನ್ನುತ್ತಾನೆ. “ಮಾರುವುದೋ ಬಿಡುವುದೋ ಆಮೇಲಿನ ಮಾತು. ಸದ್ಯ ಅದನ್ನು ಹೇಗೆ ಇಟ್ಟರೆ ಕೆಡಲಾರದು?” ಎಂದು ಕೇಳಿದ್ದಾರೆ.

ಪ್ರಶ್ನೆ ಸಣ್ಣದಲ್ಲ. ಮನೆ, ಹೊಲಗಳನ್ನು ಬಿಟ್ಟರೆ ಒಕ್ಕಲುತನದ ಕುಟುಂಬವೊಂದು ಮಾಡುವ ಅತಿ ದೊಡ್ಡ ಖರ್ಚು ಟ್ರಾಕ್ಟರಿನದೇ. ಆದುದರಿಂದ ಈ ತಿಂಗಳ ಪುಟಗಳನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇನೆ.

ಮೊದಲು ಮಿಚಿಗನ್ನಿನ ಮಗನ ಕೆಲಸದ ಅರ್ಥವನ್ನು ತಿಳಿಯೋಣ. ಆ ನಾಡಿನಲ್ಲಿ ಚಳಿಗಾಲವೆಂದರೆ ರಸ್ತೆಯ ಮೇಲೆ ಹಿಮ. ಹಿಮ ಹೆಪ್ಪುಗಟ್ಟಿ ಗಾಡಿಗಳು ಜಾರದಿರಲೆಂದು ಲಾರಿಗಳಲ್ಲಿ ಉಪ್ಪು ತಂದು ಸುರಿಯುತ್ತಾರೆ. ಉಪ್ಪು ಬೆರೆತ ನೀರು ಶೂನ್ಯ ಡಿಗ್ರಿಗೆ ಹೆಪ್ಪುಗಟ್ಟದು, ಇನ್ನೂ ಕೆಳಗಿನ ಶೀತವನ್ನು ಬೇಡುತ್ತದೆ. ಅದೇ ಇದರ ಮರ್ಮ. ಆ ರಾಜ್ಯದ ದೊಡ್ಡ ನಗರವಾದ ಡೆಟ್ರಾಯಿಟ್ಟಿನ ಕೆಳಗೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಅಲ್ಲಿಂದ ತೆಗೆದ ಉಪ್ಪು ರಸ್ತೆಗೆ ಬೀಳುತ್ತದೆ. ರಸ್ತೆಗೆ ಉಪಕಾರಿಯಾದ ಈ ಉಪ್ಪುನೀರು ಗಾಡಿಯ ಹೊಟ್ಟೆಗೆ ಸಿಡಿದು, ಸಂದುಗೊಂದುಗಳಲ್ಲಿ ಕುಳಿತು, ಉಕ್ಕಿನ ತಗಡನ್ನು ತಿನ್ನುತ್ತದೆ. ದಿನನಿತ್ಯದ ಕಾರಿಗಾದರೆ ಅನಿವಾರ್ಯ. ಪ್ರೀತಿಯಿಂದ ಕೊಂಡ ಹಳೆಯ ಕಾರನ್ನು ಅದಕ್ಕೆ ಬಲಿ ಕೊಡಲು ಯಾರ ಮನಸ್ಸೂ ಒಪ್ಪುವುದಿಲ್ಲ. ಅಲ್ಲದೆ ವೇಗದ ಕಾರುಗಳಿಗೆ ಹಾಕುವ ಬೇಸಿಗೆಯ ಟೈರುಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ಚಾರ್ಜು ಇಳಿದ ಬ್ಯಾಟರಿಯೊಳಗಿನ ದ್ರವ ಆ ಚಳಿಗೆ ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳಬಹುದು. ಹೀಗಾಗಿ ಅಲ್ಲಿ ಚಳಿಗಾಲಕ್ಕೆ ಮುನ್ನ ಕಾರನ್ನು ಮಲಗಿಸುವುದು ಬರಿಯ ಶೋಕಿಯಲ್ಲ, ಲೆಕ್ಕ ತಿಳಿದವರ ಕೆಲಸ.

ಆದರೆ ಆ ಮಗ ಆ ಭಾನುವಾರ ಮಾಡುವ ಕೆಲಸಗಳಲ್ಲಿ ಹಿಮಕ್ಕೆ ಸಂಬಂಧಿಸಿದ್ದು ಎಷ್ಟು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಆಯಿಲ್ ಬದಲಿಸುವುದು, ಬ್ಯಾಟರಿಯ ನಿಗಾ, ಟೈರುಗಳಿಗೆ ಗಾಳಿ, ಇಲಿ ಹೋಗದಂತೆ ಹೊಗೆಕೊಳವೆ ಮುಚ್ಚುವುದು, ಹ್ಯಾಂಡ್‌ಬ್ರೇಕ್ ಸಡಿಲಿಸುವುದು, ಇವು ಯಾವುವೂ ಹಿಮಕ್ಕಾಗಿ ಅಲ್ಲ. ಗಾಡಿ ಬಹುಕಾಲ ನಿಲ್ಲುತ್ತದೆಂಬ ಒಂದೇ ಕಾರಣಕ್ಕಾಗಿ. ನಮ್ಮವರಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆಯೊಂದಿದೆ: ಓಡಿದರೆ ಯಂತ್ರ ಸವೆಯುತ್ತದೆ, ನಿಂತರೆ ಉಳಿಯುತ್ತದೆ ಎಂದು. ಅರ್ಧ ಮಾತ್ರ ಸತ್ಯ. ಓಡುವ ಯಂತ್ರ ಸವೆಯುವುದು ಎಣ್ಣೆಯ ಪೊರೆಯ ಮೇಲೆ, ನಿಧಾನವಾಗಿ, ಲೆಕ್ಕಕ್ಕೆ ಸಿಗುವಂತೆ. ನಿಂತ ಯಂತ್ರ ಕೆಡುವುದು ಕಣ್ಣಿಗೆ ಕಾಣದಂತೆ. ತುಕ್ಕು, ತೇವ, ಅಂಟು, ಇಲಿ, ಬಿಸಿಲುಗಳಿಂದ. ಎಂಜಿನ್ ತಿರುಗಿಸುವ ದಿನವೇ ಅದು ತಿಳಿಯುವುದು.

ಇನ್ನು ನಮ್ಮ ಭಾಗಕ್ಕೆ ಬರೋಣ. ಸಿದ್ದಾಪುರದ ಸುತ್ತಿನ ಬದುಕು ತುಂಗಭದ್ರಾ ಎಡದಂಡೆ ಕಾಲುವೆಯ ಬದುಕು. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಹರಿದ ಮೇಲೆ ಜೋಳ, ಸಜ್ಜೆಗಳ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳು ಎದ್ದವು. ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳು ಬೆಳೆದವು. ವರ್ಷಕ್ಕೆ ಎರಡು ಭತ್ತವೆಂಬ ಲೆಕ್ಕದ ಮೇಲೆಯೇ ಟ್ರಾಕ್ಟರುಗಳೂ ಕಟಾವು ಯಂತ್ರಗಳೂ ಸಾಲದಲ್ಲಿ ಮನೆಗೆ ಬಂದವು. ಆ ಲೆಕ್ಕ ಈಚೆಗೆ ಮತ್ತೆ ಮತ್ತೆ ತಪ್ಪುತ್ತಿದೆ. 2023ರ ಬರಗಾಲದಲ್ಲಿ ಜಲಾಶಯ ತುಂಬದೆ ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿಕೊಂಡುದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಹಳೆಯದಾದ 33 ಗೇಟುಗಳನ್ನೂ ಬದಲಿಸಬೇಕೆಂದು ತೀರ್ಮಾನವಾಗಿ, ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು 2025ರ ನವೆಂಬರಿನಲ್ಲಿ ನೀರಾವರಿ ಸಲಹಾ ಸಮಿತಿ ನಿರ್ಧರಿಸಿತು. ಗೇಟಿನ ಕೆಲಸ ಆಗಲೇಬೇಕಾದುದು; ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮುಂಗಾರು ಭತ್ತ ಕಟಾವಾದ ದಿನದಿಂದ ಮುಂದಿನ ನಾಟಿಯ ಕೆಸರುಗದ್ದೆಯವರೆಗೆ ಆರೇಳು ತಿಂಗಳು ಯಂತ್ರಗಳಿಗೆ ಕೆಲಸವಿಲ್ಲವೆಂಬುದು ಅದರ ಇನ್ನೊಂದು ಮುಖ. ಮಿಚಿಗನ್ನಿನ ಐದು ತಿಂಗಳಿಗಿಂತ ಇದು ದೀರ್ಘವಾದ ಚಳಿಗಾಲ.

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಚಕ್ಕಡಿಯನ್ನು ಬಯಲಿಗೆ ಬಿಡುತ್ತಿರಲಿಲ್ಲ. ಗಾಲಿಗಳ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು ಮಣ್ಣಿನ ತೇವಕ್ಕೂ ಗೆದ್ದಲಿಗೂ ಸಿಗದಂತೆ ನಿಲ್ಲಿಸುವರು. ಅಚ್ಚಿಗೆ ಕೀಲೆಣ್ಣೆ ಹಚ್ಚುವರು. ನೊಗ, ಮಿಣಿ, ಕೂರಿಗೆಗಳನ್ನು ತೊಲೆಗೆ ತೂಗುಹಾಕುವರು. ಊರ ತೇರನ್ನೇ ನೋಡಿರಿ. ಕೊಪ್ಪಳದ ಗವಿಮಠದ ತೇರು ಸಾಗುವುದು ವರ್ಷಕ್ಕೊಮ್ಮೆ, ಪುಷ್ಯ ಬಹುಳ ಬಿದಿಗೆಯಂದು. ನಮ್ಮ ಊರೂರ ತೇರುಗಳೂ ಹಾಗೆಯೇ. ಒಂದು ದಿನದ ಓಟಕ್ಕೆ ಒಂದು ವರ್ಷದ ನಿಲುಗಡೆ. ಜಾತ್ರೆ ಮುಗಿದ ಕೆಲವೇ ದಿನಗಳಲ್ಲಿ ಬಟ್ಟೆ, ಹಗ್ಗಗಳನ್ನು ಇಳಿಸಿ, ತಗಡಿನ ಗೂಡು ಮುಚ್ಚಿ, ಗಾಲಿಗೆ ಒತ್ತುಗಲ್ಲು ಕೊಡುವ ಪದ್ಧತಿ ಇದ್ದುದರಿಂದಲೇ ಅವು ತಲೆಮಾರು ದಾಟಿ ಬಂದಿವೆ. ಎತ್ತಿನ ಬಂಡಿಗೆ ಮಾಡುತ್ತಿದ್ದುದನ್ನು ಟ್ರಾಕ್ಟರಿಗೆ ಮಾಡಲು ನಾವೇಕೆ ಮರೆತೆವೋ ತಿಳಿಯದು. ಆಯುಧಪೂಜೆಯ ದಿನ ಎಂಜಿನ್ನಿನ ಹಣೆಗೆ ವಿಭೂತಿ, ಕುಂಕುಮ ಬಳಿಯುವ ಕೈಗೆ ಡಿಸೆಂಬರಿನಲ್ಲಿ ಒಂದು ಬಕೆಟ್ ನೀರು ಭಾರವಾಗುತ್ತದೆ.

ಕೆಲಸ ಆರಂಭವಾಗಬೇಕಾದುದು ಆ ನೀರಿನಿಂದಲೇ. ಮಿಚಿಗನ್ನಿನಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ; ನಮ್ಮಲ್ಲಿ ಉಪ್ಪು ನೆಲದಲ್ಲಿಯೇ ಇದೆ. ಕಾಲುವೆ ಬಂದ ಮೇಲೆ ಅಚ್ಚುಕಟ್ಟಿನ ಎಷ್ಟೋ ಹೊಲಗಳು ಸವಳು-ಜವಳಾದುದು ಎಲ್ಲರಿಗೂ ಗೊತ್ತು. ಸವಳು ಭೂಮಿಯ ಸಂಶೋಧನೆಗೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಭಾಗವೊಂದು ಕೆಲಸ ಮಾಡುತ್ತ ಬಂದಿದೆ. ಅಂತಹ ಗದ್ದೆಯಲ್ಲಿ ಕೇಜ್‌ವೀಲ್ ಹಾಕಿ ಕೆಸರು ಹೊಡೆದ ಟ್ರಾಕ್ಟರಿನ ಹೊಟ್ಟೆ, ಅಚ್ಚು, ಮಡ್‌ಗಾರ್ಡುಗಳ ಒಳಬದಿಗೆ ಅಂಟಿದ ಮಣ್ಣಿನಲ್ಲಿ ನೆಲದ ಉಪ್ಪೂ ಇದೆ, ನಾವು ಎರಚಿದ ಯೂರಿಯಾ, ಪೊಟ್ಯಾಷ್‌ಗಳ ಉಪ್ಪೂ ಇದೆ. ಮೇಲೆ ಒಣಗಿದಂತೆ ಕಂಡರೂ ಇಬ್ಬನಿ ಬೀಳುವ ರಾತ್ರಿಗಳಲ್ಲಿ ಆ ಮಣ್ಣು ತೇವ ಹೀರಿ ತಗಡನ್ನು ತಿನ್ನುತ್ತಲೇ ಇರುತ್ತದೆ. ಗೊಬ್ಬರ ಸಾಗಿಸಿದ ಟ್ರೇಲರಿನ ನೆಲಹಾಸು ಬೇರೆಲ್ಲಕ್ಕಿಂತ ಮೊದಲು ತೂತಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಕೊನೆಯ ಕೆಲಸ ಮುಗಿದ ವಾರದಲ್ಲಿಯೇ, ಮಣ್ಣು ಕಲ್ಲಾಗುವ ಮುನ್ನ, ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು. ಸಿಹಿನೀರು ಸಿಕ್ಕರೆ ಲೇಸು. ಸವಳು ಬೋರಿನ ನೀರಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ತೊಳೆದ ಮೇಲೆ ಒಂದು ದಿನ ಬಿಸಿಲಿನಲ್ಲಿ ಒಣಗಿಸಿ, ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಹೊಸ ಗ್ರೀಸನ್ನು, ಹಳೆಯದು ಹೊರಬರುವವರೆಗೆ ಒತ್ತಬೇಕು. ಬಣ್ಣ ಹೋಗಿ ಮಿರುಗುತ್ತಿರುವ ನೇಗಿಲಿನ ಕುಳ, ರೋಟವೇಟರಿನ ಅಲಗುಗಳಿಗೆ ಗ್ರೀಸನ್ನೋ ಆಯಿಲನ್ನೋ ಬಳಿದಿಡಬೇಕು.

ಎರಡನೆಯದು ಎಂಜಿನ್ ಆಯಿಲ್. “ಹೇಗೂ ಆರು ತಿಂಗಳು ನಿಲ್ಲುವುದು, ಹೊರಡುವಾಗ ಹೊಸದು ಹಾಕೋಣ” ಎಂಬ ಉಳಿತಾಯದ ಮಾತು ಎಲ್ಲ ಮನೆಗಳಲ್ಲಿಯೂ ಕೇಳಿಬರುತ್ತದೆ. ಇದು ತಿರುವುಮುರುವಾದ ಉಳಿತಾಯ. ಓಡಿದ ಆಯಿಲಿನಲ್ಲಿ ಮಸಿಯೊಂದಿಗೆ ನೀರಿನಂಶವೂ ಆಮ್ಲಗಳೂ ಸೇರಿರುತ್ತವೆ. ಅವು ಬೇರಿಂಗುಗಳ ಮೈಮೇಲೆ ಆರು ತಿಂಗಳು ಕುಳಿತು ಗುಳಿ ಕೊರೆಯುತ್ತವೆ. ಮಲಗಿಸುವ ಮುನ್ನವೇ ಹಳೆಯದನ್ನು, ಎಂಜಿನ್ ಬಿಸಿಯಿರುವಾಗ, ಪೂರ್ತಿ ಇಳಿಸಿ, ಫಿಲ್ಟರನ್ನೂ ಬದಲಿಸಿ, ಹೊಸದನ್ನು ತುಂಬಿ, ಹತ್ತು ನಿಮಿಷ ಓಡಿಸಿ ಎಲ್ಲೆಡೆ ಹರಡಿಸಬೇಕು. ರೇಡಿಯೇಟರಿನಲ್ಲಿ ಬರಿಯ ಬೋರಿನ ನೀರಿದ್ದರೆ ಅದನ್ನೂ ತೆಗೆದು ಕೂಲೆಂಟ್ ತುಂಬಿಸಿರಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ನಿಜ. ಕೂಲೆಂಟಿನ ಇನ್ನೊಂದು ಗುಣವೇ ನಮಗೆ ಬೇಕಾದುದು: ಅದು ಒಳಗೆ ತುಕ್ಕು ಹಿಡಿಯಗೊಡುವುದಿಲ್ಲ.

ಇಲ್ಲಿ ಒಂದು ಮಾತನ್ನು ತುಸು ಒತ್ತಿ ಹೇಳಬೇಕಾಗಿದೆ. “ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಸಾಕು” ಎಂಬ ಸಲಹೆ ಮೆಕ್ಯಾನಿಕರಿಂದ ಮೇಷ್ಟರವರೆಗೆ ಎಲ್ಲರ ಬಾಯಲ್ಲಿದೆ. ನನ್ನ ದೃಷ್ಟಿಯಲ್ಲಿ ನಿಂತ ಗಾಡಿಗೆ ಇದಕ್ಕಿಂತ ಕೆಟ್ಟ ಉಪಚಾರವಿಲ್ಲ. ಕಾರಣ ಸರಳ. ಒಂದು ಲೀಟರ್ ಪೆಟ್ರೋಲು ಇಲ್ಲವೆ ಡೀಸೆಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಹೊಗೆಯೊಂದಿಗೆ ಹೊರಬೀಳುತ್ತದೆ. ಐದು ನಿಮಿಷದ ಓಟದಲ್ಲಿ ಅದು ತಣ್ಣನೆಯ ಲೋಹದ ಮೇಲೆ ಹನಿಯಾಗಿ ಕುಳಿತು, ಒಂದಿಷ್ಟು ಆಯಿಲಿಗೆ ಸೇರಿ, ಇನ್ನಷ್ಟು ಸೈಲೆನ್ಸರಿನೊಳಗೆ ನಿಂತು ತುಕ್ಕಾಗುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟ ಶಕ್ತಿಯೂ ಅಷ್ಟರಲ್ಲಿ ಪೂರ್ತಿ ಮರಳಿ ಬರುವುದಿಲ್ಲ. ಓಡಿಸುವುದಾದರೆ ತಿಂಗಳಿಗೊಮ್ಮೆಯಾದರೂ ಸರಿ, ಅರ್ಧ ತಾಸಿಗೆ ಕಡಿಮೆಯಿಲ್ಲದಂತೆ, ರಸ್ತೆಯಲ್ಲಿಯೋ ಹೊಲದಲ್ಲಿಯೋ ಕೆಲಸ ಕೊಟ್ಟು ಓಡಿಸಬೇಕು. ಆಗದಿದ್ದರೆ ಮುಟ್ಟದೆ ಬಿಡುವುದೇ ಮೇಲು. ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ ಚಾಲೂ ಮಾಡಿ ನಿಲ್ಲುವುದಂತೂ ಜೀವಕ್ಕೇ ಅಪಾಯ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯ ಕುಸಿದ ಮೇಲೆಯೇ ತಿಳಿಯುವುದು. ಮಕ್ಕಳಿಗೆ ಇದನ್ನು ಹೇಳಿಕೊಡಿರಿ.

ಡೀಸೆಲಿನ ಟ್ಯಾಂಕನ್ನು ಖಾಲಿ ಬಿಡಬಾರದು, ಮುಚ್ಚಳದವರೆಗೆ ತುಂಬಿಸಬೇಕು. ಅರ್ಧ ಟ್ಯಾಂಕಿನ ಉಳಿದರ್ಧದಲ್ಲಿರುವುದು ಗಾಳಿ, ಗಾಳಿಯಲ್ಲಿ ತೇವ, ರಾತ್ರಿ ತಣಿದಾಗ ಆ ತೇವ ಟ್ಯಾಂಕಿನ ಒಳಗೋಡೆಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ನೀರು, ಡೀಸೆಲುಗಳು ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ವಸ್ತುವಾಗಿ ಫಿಲ್ಟರನ್ನು ಕಟ್ಟಿಬಿಡುವುದುಂಟು. ಟ್ಯಾಂಕು ತುಂಬಿಸುವ ಮುನ್ನ ಫಿಲ್ಟರಿನ ಕೆಳಗಿರುವ ತಿರುಪನ್ನು ಸಡಿಲಿಸಿ ನಿಂತ ನೀರನ್ನು ಇಳಿಸಿಬಿಡಿರಿ.

ಬ್ಯಾಟರಿಯ ವಿಷಯದಲ್ಲಿ ನಮ್ಮ ಶತ್ರು ಚಳಿಯಲ್ಲ, ಬಿಸಿಲು. ಬ್ಯಾಟರಿ ಸುಮ್ಮನಿದ್ದರೂ ತನ್ನಷ್ಟಕ್ಕೆ ಇಳಿಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆ ಆ ಇಳಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯ ತಗಡಿನ ಷೆಡ್ಡಿನಲ್ಲಿ ಅದರ ಪಾಡೇನೆಂದು ಊಹಿಸಿಕೊಳ್ಳಬಹುದು. ಪೂರ್ತಿ ತುಂಬಿದ 12 ವೋಲ್ಟಿನ ಬ್ಯಾಟರಿಯನ್ನು ವಿಶ್ರಾಂತಿಯಲ್ಲಿ ಅಳೆದರೆ 12.6 ವೋಲ್ಟಿನಷ್ಟು ತೋರಿಸಬೇಕು. 12.4ಕ್ಕಿಂತ ಕೆಳಗಿಳಿದು ವಾರಗಟ್ಟಲೆ ನಿಂತರೆ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಮತ್ತೆಂದೂ ಮೊದಲಿನ ಶಕ್ತಿ ಬರಲಾರದು. ಆದುದರಿಂದ ಮೊದಲು ಋಣ ತುದಿಯ ತಂತಿಯನ್ನೂ ಆಮೇಲೆ ಧನ ತುದಿಯದನ್ನೂ ಬಿಚ್ಚಿ, ಬ್ಯಾಟರಿಯನ್ನು ಇಳಿಸಿ, ನೆರಳಿರುವ ಗಾಳಿಯಾಡುವ ಜಾಗದಲ್ಲಿ ಮರದ ಹಲಗೆಯ ಮೇಲಿಡಿರಿ. ಅಡುಗೆಮನೆಯಲ್ಲಿ ಬೇಡ, ಮಕ್ಕಳು ಮಲಗುವ ಕೋಣೆಯಲ್ಲಿ ಬೇಡ. ಅದರೊಳಗೆ ಗಂಧಕಾಮ್ಲವಿದೆ, ಚಾರ್ಜು ಮಾಡುವಾಗ ಕಿಡಿ ತಗುಲಿದರೆ ಸಿಡಿಯುವ ಜಲಜನಕ ಬರುತ್ತದೆ. ಮಟ್ಟ ಇಳಿದಿದ್ದರೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು; ಕೊಡದ ನೀರು ಸಲ್ಲದು. ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ, ತುದಿಗಳಿಗೆ ವ್ಯಾಸಲೀನ್ ಸವರಿಟ್ಟರೆ ಸಾಕು.

ಗಾಲಿಗಳ ವಿಚಾರದಲ್ಲಿ ಚಕ್ಕಡಿಯ ಪದ್ಧತಿಯೇ ಪ್ರಮಾಣ. ಟನ್ನುಗಟ್ಟಲೆ ಭಾರವನ್ನು ಹೊತ್ತು ಒಂದೇ ಭಂಗಿಯಲ್ಲಿ ನಿಂತ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ, ಬಿಸಿಲು ಬಿದ್ದ ಕಡೆ ಬಿರಿಯುತ್ತದೆ. ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು ಟೈರಿನ ಭಾರ ತಪ್ಪಿಸಬೇಕು. ಜಾಕಿನ ಮೇಲೆಯೇ ನಿಲ್ಲಿಸುವುದು, ಇಟ್ಟಿಗೆ ಜೋಡಿಸಿ ನಿಲ್ಲಿಸುವುದು ಎಂದಿಗೂ ಬೇಡ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಎತ್ತಿ ನಿಲ್ಲಿಸಲಾಗದವರು ಟೈರಿಗೆ ತಯಾರಕರು ಹೇಳಿದಷ್ಟು ಗಾಳಿ ತುಂಬಿ, ಹಲಗೆಯ ಮೇಲೆ ನಿಲ್ಲಿಸಿ, ತಿಂಗಳಿಗೊಮ್ಮೆ ಅರ್ಧ ಸುತ್ತು ಮುಂದೆ ತಳ್ಳಿದರೂ ಆದೀತು. ಬ್ರೇಕು ಬಿಗಿದು ಬಿಡಬಾರದು. ಲೈನರು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗಾಲಿಗೆ ಒತ್ತುಗಲ್ಲು ಕೊಟ್ಟು ಬ್ರೇಕು ಸಡಿಲಿಸಿರಿ. ಹಾಗೆಯೇ ಟ್ರಾಕ್ಟರಿನ ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ ಮರದ ತುಂಡೊಂದರಿಂದ ಹಿಡಿದಿಟ್ಟರೆ ಕ್ಲಚ್ ಫಲಕ ಅಂಟಿಕೊಳ್ಳುವುದಿಲ್ಲ. ಹೈಡ್ರಾಲಿಕ್ ತೋಳುಗಳನ್ನು ಕೆಳಗಿಳಿಸಿಯೇ ಬಿಡಬೇಕು. ಮೇಲೆತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಯಾವ ದಿನ ಯಾವ ಮಗು ನುಸುಳೀತೋ ಹೇಳಲಾಗದು.

ಕಟಾವು ಯಂತ್ರವನ್ನು ಸ್ವಂತಕ್ಕೆ ಕೊಂಡು ತಾಸಿನ ಬಾಡಿಗೆಗೆ ಓಡಿಸುವ ಕುಟುಂಬಗಳು ನಮ್ಮಲ್ಲಿ ಈಗ ಬೇಕಾದಷ್ಟಿವೆ. ಟ್ರಾಕ್ಟರಿಗಿಂತ ಅದರ ಆರೈಕೆ ಕಠಿಣ. ಕಾರಣ ಅದರ ಹೊಟ್ಟೆಯಲ್ಲಿ ಉಳಿದ ಕಾಳು. ಹೊರಗಿನಿಂದ ಎಷ್ಟೇ ತೊಳೆದರೂ ಎಲಿವೇಟರಿನ ತಳದಲ್ಲಿ, ಜರಡಿಗಳ ಮೂಲೆಯಲ್ಲಿ, ಡ್ರಮ್ಮಿನ ಹಿಂದೆ ಸೇರುಗಟ್ಟಲೆ ಭತ್ತವೂ ಹೊಟ್ಟೂ ಉಳಿದಿರುತ್ತವೆ. ಆ ಹೊಟ್ಟು ತೇವ ಹಿಡಿದಿಟ್ಟು ತಗಡನ್ನು ಕೊಳೆಸುತ್ತದೆ. ಆ ಕಾಳು ಇಲಿಯನ್ನು ಕರೆಯುತ್ತದೆ. ಕಟಾವಾದ ಮೇಲೆ ಗದ್ದೆಯಲ್ಲಿ ಮೇವಿಲ್ಲದ ಇಲಿಗಳು ಊರಿಗೆ ಬರುವ ಕಾಲವದು. ಒಮ್ಮೆ ಒಳಸೇರಿದ ಇಲಿ ಕಾಳು ತಿಂದು ಹೋಗುವುದಿಲ್ಲ. ವಯರಿಂಗಿನ ಹೊದಿಕೆಯನ್ನು ಕಡಿದು ಅಲ್ಲಿಯೇ ಗೂಡು ಮಾಡುತ್ತದೆ. ಅದರ ಹಿಂದೆ ಹಾವು. ಕೆಳಗಿನ ಬಾಗಿಲುಗಳನ್ನೆಲ್ಲ ತೆರೆದು, ಯಂತ್ರವನ್ನು ಖಾಲಿ ಓಡಿಸಿ ಕಾಳು ಉದುರಿಸಿ, ಆರಿಸಿದ ಮೇಲೆ ಗಾಳಿಯ ಪಂಪಿನಿಂದ ಊದಬೇಕು. ಬೆಲ್ಟುಗಳನ್ನು ಸಡಿಲಿಸಬೇಕು, ಬಿಗಿಯಾಗಿಯೇ ಬಿಟ್ಟರೆ ಪುಲ್ಲಿಯ ಆಕಾರಕ್ಕೆ ಬಾಗಿ ಕೂರುತ್ತವೆ. ಸರಪಳಿಗಳನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದು ಆಯಿಲಿನಲ್ಲಿ ಅದ್ದಿ ಮತ್ತೆ ಹಾಕಬೇಕು. ಕೊಯ್ಯುವ ಅಲಗಿಗೆ ಗ್ರೀಸ್. ರಬ್ಬರ್ ಪಟ್ಟಿಯ ಮೇಲೆ ಸಾಗುವ ಯಂತ್ರವಾದರೆ ಪಟ್ಟಿಯ ಸಂದಿನ ಕೆಸರನ್ನು ಪೂರ್ತಿ ತೆಗೆದು, ಬಿಗಿತ ಇಳಿಸಿ, ಬಿಸಿಲು ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿರಿ. ಷೆಡ್ಡಿನಲ್ಲಿ ಜಾಗ ಉಳಿಯಿತೆಂದು ಅಕ್ಕಿಯ ಚೀಲವನ್ನೋ ಭತ್ತದ ಹುಲ್ಲನ್ನೋ ಪಕ್ಕದಲ್ಲಿ ಒಟ್ಟಬೇಡಿರಿ. ಒಂದು ಇಲಿಗೆ ಆಹ್ವಾನ, ಇನ್ನೊಂದು ಬೆಂಕಿಗೆ.

ಹೊದಿಕೆಯ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ ತಾಡಪಾಲನ್ನು ಮೈಗೆ ಅಂಟುವಂತೆ ಬಿಗಿದು ಕಟ್ಟಿದರೆ ರಾತ್ರಿಯ ತೇವ ಒಳಗೇ ಬೆವರಾಗಿ ನಿಲ್ಲುತ್ತದೆ. ಮುಚ್ಚದಿರುವುದೇ ಅದಕ್ಕಿಂತ ವಾಸಿ. ತಾಡಪಾಲನ್ನು ಗಳುಗಳ ಮೇಲೆ ಚಪ್ಪರದಂತೆ ಎತ್ತರಕ್ಕೆ ಕಟ್ಟಿ, ಗಾಡಿಯ ಮೈಗೆ ಹತ್ತಿಯ ಹಳೆಯ ಜಮಖಾನವನ್ನು ಹೊದಿಸಿರಿ. ಹೊಗೆಕೊಳವೆಯ ಬಾಯಿಗೆ ತಗಡಿನ ಡಬ್ಬಿ ಕವಿಚಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿರಿ.

ಸಿದ್ದಾಪುರ, ಕಾರಟಗಿಗಳ ಎಷ್ಟೋ ಮನೆಗಳ ಮುಂದೆ ಇನ್ನೊಂದು ಬಗೆಯ ಗಾಡಿಯೂ ನಿಂತಿರುತ್ತದೆ. ಬೆಂಗಳೂರಿನಲ್ಲಿರುವ ಮಗ “ಹಬ್ಬಕ್ಕೆ ಬಂದಾಗ ಬೇಕು” ಎಂದು ಬಿಟ್ಟುಹೋದ ಕಾರು. ಮೇಲೆ ಹೇಳಿದ ಬಹುಪಾಲು ಅದಕ್ಕೂ ಸಲ್ಲುತ್ತದೆ. ಪೆಟ್ರೋಲಿನ ಬಗ್ಗೆ ಮಾತ್ರ ಒಂದು ಎಚ್ಚರ. 2025ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡ 20ಕ್ಕೆ ಮುಟ್ಟಿತು. ಎಥೆನಾಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಹೀರಿದ ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪು ಮೊದಲು ಹೀರುವುದೂ ಅದನ್ನೇ. ಟ್ಯಾಂಕು ತುಂಬಿದ್ದು ಮುಚ್ಚಳ ಬಿಗಿಯಾಗಿದ್ದರೆ ಈ ಭಯ ಕಡಿಮೆ. ಆರು ತಿಂಗಳು ಇಡುವುದಕ್ಕಿಂತ ತಂದೆಯವರೇ ತಿಂಗಳಿಗೊಮ್ಮೆ ಗಂಗಾವತಿಯವರೆಗೆ ಹೋಗಿಬಂದು ಹೊಸ ಪೆಟ್ರೋಲು ಹಾಕಿಸುವುದು ಕಾರಿಗೂ ಹಿತ, ಅವರಿಗೂ ಹಿತ.

ಯಂತ್ರದ ಮಾತಾಯಿತು; ಕಾಗದದ ಮಾತು ಉಳಿದಿದೆ. ಗಾಡಿ ನಿಂತಿದೆಯೆಂದು ವಿಮೆಯ ಕಂತು ತಪ್ಪಿಸುವವರಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಗಾಡಿಗೆ ಮೂರನೆಯವರ ಹಾನಿಯ ವಿಮೆ ಇರಲೇಬೇಕು. “ನಾವು ಓಡಿಸುವುದೇ ಇಲ್ಲವಲ್ಲ” ಎಂಬ ವಾದ, ಯಾರೋ ಸಂಬಂಧಿಕರು ಒಂದು ಗಳಿಗೆಗೆಂದು ಕೊಂಡೊಯ್ದ ದಿನ ಮುರಿದುಬೀಳುತ್ತದೆ. ಬೆಂಕಿ, ಕಳವುಗಳಾದರೂ ನಿಂತ ಗಾಡಿಯನ್ನು ಬಿಡುವುದಿಲ್ಲ. ಅವಧಿ ಮುಗಿದು 90 ದಿನ ದಾಟಿದರೆ, ಕ್ಲೇಮು ಮಾಡದೆ ವರ್ಷಗಟ್ಟಲೆ ಗಳಿಸಿದ ರಿಯಾಯಿತಿಯೂ ಕೈತಪ್ಪುತ್ತದೆ.

ಸಾಲದ ಕಂತಿನ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕಂತು ತಪ್ಪಿದ ಮೇಲೆ ಬ್ಯಾಂಕಿನ ನೋಟೀಸು ಹಿಡಿದು ಹೋಗುವವನ ಮಾತಿಗೂ, ತಪ್ಪುವ ಮುನ್ನವೇ ಹೋಗಿ “ನಮಗೆ ಒಂದು ಬೆಳೆ ಇಲ್ಲ, ಕಂತನ್ನು ಮುಂದಿನ ಸುಗ್ಗಿಗೆ ಹೊಂದಿಸಿಕೊಡಿ” ಎಂದು ಬರೆದುಕೊಡುವವನ ಮಾತಿಗೂ ತೂಕ ಬೇರೆ. ಬ್ಯಾಂಕು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳದೆ ಸಿಗುವುದಂತೂ ಇಲ್ಲ. ಮಾರಾಟದ ವಿಷಯದಲ್ಲಿ ನಾನು ಕಿರಿಯ ಮಗನ ಕಡೆಗಿದ್ದೇನೆ, ಆದರೆ ಅವನ ಕಾರಣಕ್ಕಲ್ಲ. ಕಾಲುವೆಗೆ ನೀರಿಲ್ಲದ ವರ್ಷ ಎಲ್ಲರ ಮನೆಯಲ್ಲಿಯೂ ಇದೇ ಯೋಚನೆ ಏಳುತ್ತದೆ; ಮಾರುವವರು ಹೆಚ್ಚಾಗಿ ಕೊಳ್ಳುವವರು ಕಡಿಮೆಯಾದ ಪೇಟೆಯಲ್ಲಿ ಬೆಲೆ ಹೇಳುವವನು ದಲ್ಲಾಳಿ. ಮಾರಲೇಬೇಕಾದರೂ, ತೊಳೆದು, ಆಯಿಲ್ ಬದಲಿಸಿ, ಒಂದೇ ತಿರುವಿಗೆ ಚಾಲೂ ಆಗುವಂತೆ ಇಟ್ಟ ಟ್ರಾಕ್ಟರಿಗೂ, ಬ್ಯಾಟರಿ ಸತ್ತು, ಟೈರು ಬಿರಿದು, ಇಲಿಯ ಗೂಡಾದ ಟ್ರಾಕ್ಟರಿಗೂ ಸಿಗುವ ಬೆಲೆ ಒಂದೇ ಆಗದು. ಸಾಲ ತೀರಿಸಲು ಬೇರೆ ದಾರಿಯೇ ಇಲ್ಲದ ಮನೆಯವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಂಥವರು ಬಡ್ಡಿ ಬೆಳೆಯಗೊಡದೆ ಮಾರುವುದೇ ವಿವೇಕ.

ಕೊನೆಯದಾಗಿ, ಮಲಗಿಸಿದ್ದನ್ನು ಎಬ್ಬಿಸುವ ಬಗೆ. ಕಾಲುವೆಗೆ ನೀರು ಬಂತೆಂಬ ಸುದ್ದಿ ಬಂದ ದಿನ ಅವಸರದಲ್ಲಿ ಕೀಲಿ ತಿರುಗಿಸುವವರೇ ಬಹಳ. ಅದಕ್ಕೆ ಒಂದು ವಾರ ಮುಂಚೆಯೇ ಬಾಗಿಲು ತೆರೆದಿಟ್ಟು, ಆಯಿಲು, ಕೂಲೆಂಟುಗಳ ಮಟ್ಟ ನೋಡಿ, ಬೆಲ್ಟು ಬಿಗಿದು, ಗಾಳಿ ತುಂಬಿ, ವಯರುಗಳನ್ನು ಕಣ್ಣಿಂದ ಪರೀಕ್ಷಿಸಿ, ಚಾರ್ಜಾದ ಬ್ಯಾಟರಿಯನ್ನು ಕೂರಿಸಬೇಕು. ಈ ಸಲ ಧನ ತುದಿ ಮೊದಲು, ಋಣ ತುದಿ ಆಮೇಲೆ. ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಡೀಸೆಲು ಹೋಗದಂತೆ ಕೆಲವು ಸೆಕೆಂಡು ಎಂಜಿನನ್ನು ಬರಿದೆ ತಿರುಗಿಸಿದರೆ ಒಣಗಿದ ಬೇರಿಂಗುಗಳಿಗೆ ಮೊದಲು ಆಯಿಲ್ ಮುಟ್ಟುತ್ತದೆ. ಆನಂತರ ಚಾಲೂ ಮಾಡಿ, ಆಯಿಲಿನ ಒತ್ತಡ ಏರಿತೆಂದು ಖಾತ್ರಿಯಾದ ಮೇಲೆ ಹೊರತರಬಹುದು.

ಆದರೆ ಮಲಗಿಸಿದವರೇ ಎಬ್ಬಿಸುತ್ತಾರೆಂಬ ಭರವಸೆಯಿಲ್ಲ. ಡಿಸೆಂಬರಿನಲ್ಲಿ ಯಜಮಾನರು ಕ್ಲಚ್ಚಿಗೆ ತುಂಡು ಕೊಟ್ಟಿರುತ್ತಾರೆ, ಜುಲೈಯಲ್ಲಿ ಚಾಲಕ ಹತ್ತಿ ಕುಳಿತಿರುತ್ತಾನೆ. ಆದುದರಿಂದ ಏನೇನು ಬಿಚ್ಚಿದೆ, ಏನೇನು ಮುಚ್ಚಿದೆ, ಯಾವುದು ಎಲ್ಲಿದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ಸ್ಟಿಯರಿಂಗಿಗೆ ದಾರದಿಂದ ಕಟ್ಟಿಬಿಡಿರಿ. ಕೆಂಪು ಬಟ್ಟೆ ಕಟ್ಟಿದ ಆ ಡಬ್ಬಿಯನ್ನು ತೆಗೆಯಬೇಕೆಂಬುದು ಅದರ ಮೊದಲ ಸಾಲಾಗಿರಲಿ.